ಪ್ಲಗ್ಗಿನ ಮೂರನೆಯ ಕಾಲು

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಕಲಿಕಾ ಕೇಂದ್ರಗಳಲ್ಲಿ ಆಡಿದ ಮಾತು)



ಇವತ್ತು ನಾವು ಹೊಸ ಪಾಠದ ಪುಸ್ತಕ ತಂದಿಲ್ಲ. ಚೀಲದಲ್ಲಿ ಎರಡು ಪ್ಲಗ್ಗು ತಂದಿದ್ದೇವೆ. ಒಂದು ಮೊಬೈಲ್ ಚಾರ್ಜರಿನದು. ಇನ್ನೊಂದು ಇಸ್ತ್ರಿ ಪೆಟ್ಟಿಗೆಯದು. ಎರಡನ್ನೂ ಚಾಪೆಯ ಮೇಲೆ ಇಡುತ್ತೇವೆ. ಕೈಗೆ ತಗೊಂಡು ನೋಡಿ. ಪಕ್ಕದವರಿಗೂ ಕೊಡಿ.

ಏನು ವ್ಯತ್ಯಾಸ ಕಾಣಿಸಿತು? ಚಾರ್ಜರಿಗೆ ಎರಡು ಕಾಲು. ಇಸ್ತ್ರಿ ಪೆಟ್ಟಿಗೆಗೆ ಮೂರು ಕಾಲು. ಈ ಕಾಲಿಗೆ ಪಿನ್ನು ಅನ್ನುತ್ತಾರೆ. ಮೂರನೆಯ ಪಿನ್ನು ಉಳಿದ ಎರಡಕ್ಕಿಂತ ದಪ್ಪ. ಸ್ವಲ್ಪ ಉದ್ದ ಕೂಡ.

ಎರಡು ಪಿನ್ನಿನಲ್ಲೇ ಚಾರ್ಜರು ಕೆಲಸ ಮಾಡುತ್ತೆ. ಹಾಗಾದರೆ ಇಸ್ತ್ರಿ ಪೆಟ್ಟಿಗೆಗೆ ಮೂರು ಯಾಕೆ? ಈ ಪ್ರಶ್ನೆ ನಮ್ಮದಲ್ಲ. ನಿಮ್ಮಂತೆಯೇ ಕಲಿಯಲು ಬಂದ ಒಬ್ಬ ತಾಯಿ ನಮ್ಮನ್ನು ಕೇಳಿದ್ದು. ಅವರು ಸುಮ್ಮನೆ ಕೇಳಲಿಲ್ಲ. ಸಾವಿನ ಬಾಗಿಲಿಗೆ ಹೋಗಿ ಬಂದು ಕೇಳಿದರು. ಮೊದಲು ಅವರ ಕಥೆ ಹೇಳುತ್ತೇವೆ.

ಗ್ರೈಂಡರು ಹೊಡೆದ ದಿನ

ಅರಕಲಗೂಡು ಕಡೆಯ ಒಂದು ಹಳ್ಳಿ. ಆ ತಾಯಿ ಸಂಘದಲ್ಲಿ ಸಾಲ ತೆಗೆದು ಒಂದು ಗ್ರೈಂಡರು ತಂದರು. ಹೊರಗೆಲ್ಲಾ ಸ್ಟೀಲು, ಒಳಗೆ ಕಲ್ಲು. ಬೆಳಗ್ಗೆ ಎದ್ದು ಇಡ್ಲಿ ಹಿಟ್ಟು, ದೋಸೆ ಹಿಟ್ಟು ರುಬ್ಬಿ ಊರಿನಲ್ಲಿ ಮಾರುತ್ತಿದ್ದರು. ಅದರಿಂದಲೇ ಮಗಳ ಶಾಲೆಯ ಖರ್ಚು ನಡೆಯುತ್ತಿತ್ತು.

ಗ್ರೈಂಡರಿನ ಪ್ಲಗ್ಗಿಗೆ ಮೂರು ಪಿನ್ನು. ಮನೆಯ ಸಾಕೆಟ್ಟಿನಲ್ಲಿ ಎರಡೇ ತೂತು. ಹೊಂದಲಿಲ್ಲ. ಮನೆಯವರು ಇಕ್ಕಳ ತಗೊಂಡು ಮೂರನೆಯ ಪಿನ್ನನ್ನು ಕಿತ್ತು ಹಾಕಿದರು. ಪ್ಲಗ್ಗು ಸೇರಿತು. ಗ್ರೈಂಡರು ಗಿರ್ರನೆ ತಿರುಗಿತು. "ನೋಡು, ಅದು ಸುಮ್ನೆ ಇಟ್ಟಿರೋದು. ಅದಿಲ್ದೇನೂ ಓಡ್ತದೆ" ಅಂದರು.

ಒಂದು ವರ್ಷ ಓಡಿತು. ನಡುವೆ ಒಂದೆರಡು ಸಲ ಮುಟ್ಟಿದಾಗ ಕೈ ಜುಮ್ ಅಂದಿತ್ತು. ತಾಯಿ ಒಂದು ಮರದ ಮಣೆ ತಂದು ಅದರ ಮೇಲೆ ನಿಂತು ರುಬ್ಬಲು ಶುರು ಮಾಡಿದರು. ನಮ್ಮಲ್ಲಿ ಎಷ್ಟು ಜನ ಹೀಗೇ ಮಾಡುತ್ತೇವೆ! "ಚಪ್ಪಲಿ ಹಾಕ್ಕೊಂಡು ಫ್ರಿಜ್ಜಿನ ಬಾಗಿಲು ತೆಗಿ" ಅಂತ ಮಕ್ಕಳಿಗೆ ಹೇಳುತ್ತೇವೆ. ಅದನ್ನೇ ಬುದ್ಧಿವಂತಿಕೆ ಅಂದುಕೊಳ್ಳುತ್ತೇವೆ.

ಒಂದು ದಿನ ಮಳೆ. ಅಡುಗೆ ಮನೆಯ ನೆಲವೆಲ್ಲ ಒದ್ದೆ. ಕೈಯಲ್ಲಿ ಅಕ್ಕಿ ತೊಳೆದ ನೀರು. ಮಣೆ ಮೂಲೆಯಲ್ಲಿತ್ತು. ತಾಯಿ ಬರಿಗಾಲಿನಲ್ಲಿ ನಿಂತು ಗ್ರೈಂಡರು ಹಿಡಿದರು. ಅಷ್ಟೇ, ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಕೂಗಲು ಬಾಯಿ ಬರಲಿಲ್ಲ. ಅದೃಷ್ಟ ಚೆನ್ನಾಗಿತ್ತು. ಮಗಳು ಅಲ್ಲೇ ಇದ್ದಳು. ಓಡಿ ಹೋಗಿ ಮೈನ್ ಸ್ವಿಚ್ಚು ಇಳಿಸಿದಳು. ತಾಯಿ ಉಳಿದರು. ಅಂಗೈ ಸುಟ್ಟ ಗುರುತು ಈಗಲೂ ಇದೆ.

ಆಮೇಲೆ ಮನೆಯಲ್ಲಿ ಎಲ್ಲರೂ ಗ್ರೈಂಡರನ್ನು ಬೈದರು. ಆ ತಾಯಿ ಮಾತ್ರ ಕೇಂದ್ರಕ್ಕೆ ಬಂದು ನಮ್ಮನ್ನು ಕೇಳಿದರು. "ಟೀಚರಮ್ಮ, ಕಿತ್ತು ಬಿಸಾಕಿದ್ವಲ್ಲ ಆ ಪಿನ್ನು, ಅದು ಯಾತಕ್ಕೆ ಇತ್ತು?"

ಆ ದಿನ ನಮಗೂ ಪೂರ್ತಿ ಉತ್ತರ ಗೊತ್ತಿರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇವೆ. ಆದರೆ ನಮ್ಮ ಮನೆಯ ಸಾಕೆಟ್ಟಿನ ಹಿಂದೆ ಏನಿದೆ ಅಂತ ನಾವೇ ನೋಡಿರಲಿಲ್ಲ. ತಿಳಿದವರನ್ನು ಕೇಳಿ ಕಲಿತೆವು. ಕಲಿತದ್ದನ್ನು ನಿಮಗೆ ಹೇಳುತ್ತಿದ್ದೇವೆ.

ಕರೆಂಟು ಹೋಗುತ್ತೆ, ಬರುತ್ತೆ

ಕರೆಂಟಿಗೆ ಎರಡು ದಾರಿ ಬೇಕು. ಹೋಗಲು ಒಂದು, ವಾಪಸ್ ಬರಲು ಒಂದು. ಕರೆಂಟು ಬರುವ ತಂತಿಗೆ ಫೇಸ್ ಅನ್ನುತ್ತಾರೆ. ವಾಪಸ್ ಹೋಗುವ ತಂತಿಗೆ ನ್ಯೂಟ್ರಲ್ ಅನ್ನುತ್ತಾರೆ. ಈ ಎರಡು ತಂತಿ ಇದ್ದರೆ ಸಾಕು. ಬಲ್ಬು ಉರಿಯುತ್ತೆ. ಗ್ರೈಂಡರು ತಿರುಗುತ್ತೆ. ಇಸ್ತ್ರಿ ಪೆಟ್ಟಿಗೆ ಕಾಯುತ್ತೆ. ಪ್ಲಗ್ಗಿನ ಎರಡು ಪಿನ್ನು ಈ ಎರಡು ದಾರಿಗೆ.

ಹಾಗಾದರೆ ನಮಗೆ ಶಾಕ್ ಹೊಡೆಯುವುದು ಹೇಗೆ? ಊರಿನ ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲ್ ತಂತಿಯನ್ನು ಭೂಮಿಗೂ ಸೇರಿಸಿರುತ್ತಾರೆ. ಹಾಗಾಗಿ ಕರೆಂಟಿಗೆ ಮಣ್ಣಿನ ಮೂಲಕವೂ ವಾಪಸ್ ಹೋಗುವ ದಾರಿ ಇದೆ. ತಂತಿಯ ಮೇಲೆ ಕಾಗೆ ಕೂರುತ್ತೆ. ಅದಕ್ಕೆ ಏನೂ ಆಗುವುದಿಲ್ಲ. ಯಾಕೆ? ಕಾಗೆಯ ಕಾಲು ನೆಲ ಮುಟ್ಟಿಲ್ಲ. ನಾವು ನೆಲದ ಮೇಲೆ ನಿಂತವರು. ಫೇಸ್ ತಂತಿಯನ್ನು ನಾವು ಮುಟ್ಟಿದರೆ ಕರೆಂಟು ನಮ್ಮ ಕೈಯಿಂದ ಎದೆಗೆ, ಎದೆಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ ಇಳಿಯುತ್ತೆ. ನಮ್ಮ ಮೈಯೇ ಅದಕ್ಕೆ ದಾರಿ ಆಗುತ್ತೆ. ನೆಲ ಒದ್ದೆ ಇದ್ದರೆ, ಕೈ ಒದ್ದೆ ಇದ್ದರೆ ಆ ದಾರಿ ಇನ್ನೂ ಸಲೀಸು.

ಈಗ ಗ್ರೈಂಡರಿನ ಒಳಗೆ ನೋಡೋಣ. ಒಳಗೆ ಫೇಸ್ ತಂತಿ ಇದೆ. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದೆ. ಗ್ರೈಂಡರು ಅಲುಗಾಡಿ ಅಲುಗಾಡಿ ಆ ಹೊದಿಕೆ ಸವೆಯುತ್ತೆ. ಒಮ್ಮೊಮ್ಮೆ ಇಲಿ ಕಡಿಯುತ್ತೆ. ನೀರು ಇಳಿಯುತ್ತೆ. ಆಗ ಬರಿ ತಂತಿ ಹೊರಗಿನ ಸ್ಟೀಲಿಗೆ ತಾಗುತ್ತೆ. ಸ್ಟೀಲಿಗೆಲ್ಲ ಕರೆಂಟು ಬರುತ್ತೆ. ನೋಡಲು ಏನೂ ಗೊತ್ತಾಗುವುದಿಲ್ಲ. ಬಣ್ಣ ಬದಲಾಗುವುದಿಲ್ಲ. ಸದ್ದು ಇಲ್ಲ, ವಾಸನೆ ಇಲ್ಲ. ಗ್ರೈಂಡರು ಎಂದಿನಂತೆ ತಿರುಗುತ್ತಲೇ ಇರುತ್ತೆ. ಯಾರು ಮುಟ್ಟುತ್ತಾರೆ ಅಂತ ಕಾಯುತ್ತಿರುತ್ತೆ.

ಕೆರೆಗೆ ಕೋಡಿ, ಗ್ರೈಂಡರಿಗೆ ಅರ್ಥ್

ನಮ್ಮ ಊರಿನ ಕೆರೆ ನೆನೆಸಿಕೊಳ್ಳಿ. ಕೆರೆಗೆ ತೂಬು ಇದೆ. ಗದ್ದೆಗೆ ನೀರು ಹೋಗುವುದು ತೂಬಿನಿಂದ. ಕೆರೆಗೆ ಕೋಡಿಯೂ ಇದೆ. ಕೋಡಿಯಿಂದ ನಮ್ಮ ಗದ್ದೆಗೆ ನೀರು ಬರುವುದಿಲ್ಲ. ಹತ್ತು ವರ್ಷ ಮಳೆ ಕಡಿಮೆ ಆದರೆ ಕೋಡಿ ಹರಿಯುವುದೇ ಇಲ್ಲ. ಹಾಗಂತ ಯಾರಾದರೂ ಕೋಡಿಯನ್ನು ಮಣ್ಣು ಹಾಕಿ ಮುಚ್ಚುತ್ತಾರಾ? ಮುಚ್ಚಿದರೆ ಜೋರು ಮಳೆ ಬಂದ ದಿನ ಏರಿ ಒಡೆಯುತ್ತೆ. ಊರೇ ಕೊಚ್ಚಿ ಹೋಗುತ್ತೆ.

ಪ್ಲಗ್ಗಿನ ಮೂರನೆಯ ಪಿನ್ನು ಈ ಕೋಡಿಯ ಹಾಗೆ. ಗ್ರೈಂಡರು ತಿರುಗಲು ಅದು ಬೇಡ. ನಾವು ಬದುಕಲು ಅದು ಬೇಕು.

ಈ ಪಿನ್ನಿನಿಂದ ಒಂದು ಹಸಿರು ತಂತಿ ಗ್ರೈಂಡರಿನ ಹೊರಗಿನ ಸ್ಟೀಲಿಗೆ ಸೇರಿರುತ್ತೆ. ಇನ್ನೊಂದು ಕಡೆ ಅದು ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಮೂಲಕ, ಗೋಡೆಯ ಒಳಗಿನ ತಂತಿ ಹಿಡಿದು, ಮನೆಯ ಹೊರಗೆ ಬಂದು ಭೂಮಿಗೆ ಇಳಿದಿರುತ್ತೆ. ಸ್ಟೀಲಿಗೆ ಕರೆಂಟು ತಾಗಿದ ತಕ್ಷಣ ಈ ತಂತಿ ಅದನ್ನು ಭೂಮಿಗೆ ಎಳೆದುಕೊಳ್ಳುತ್ತೆ. ಸಲೀಸಾದ ದಾರಿ ಸಿಕ್ಕಿದ್ದರಿಂದ ಒಮ್ಮೆಲೇ ಜೋರಾಗಿ ಕರೆಂಟು ಹರಿಯುತ್ತೆ. ಆ ಜೋರಿಗೆ ಫ್ಯೂಸು ಸುಟ್ಟು ಹೋಗುತ್ತೆ. ಹೊಸ ಮನೆಯಲ್ಲಾದರೆ ಎಂ.ಸಿ.ಬಿ. ಗುಂಡಿ ಟಪ್ ಅಂತ ಬೀಳುತ್ತೆ. ಕರೆಂಟು ನಿಲ್ಲುತ್ತೆ. ನೀವು ಮುಟ್ಟುವ ಮೊದಲೇ ಗ್ರೈಂಡರು ಸುಮ್ಮನಾಗಿರುತ್ತೆ.

ಈ ತಂತಿಗೆ ಅರ್ಥ್ ಅನ್ನುತ್ತಾರೆ. ಓದಲು ಕಲಿತ ನೀವು ಇದನ್ನು "ಅರ್ಥ" ಅಂತ ಓದಬಹುದು. ಅದಲ್ಲ. ಇದು ಇಂಗ್ಲಿಷ್ ಮಾತು. ಅರ್ಥ್ ಅಂದರೆ ಭೂಮಿ. ಭೂಮಿತಾಯಿಗೆ ಕೊಟ್ಟ ತಂತಿ.

ಮೂರನೆಯ ಪಿನ್ನು ಉದ್ದ ಯಾಕೆ ಅಂತಲೂ ಈಗ ಗೊತ್ತಾಗುತ್ತೆ. ಪ್ಲಗ್ಗು ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ಒಳಗೆ ಸೇರುತ್ತೆ. ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಹೊರಗೆ ಬರುತ್ತೆ. ಕರೆಂಟು ಬರುವ ಮೊದಲೇ ಕಾವಲು ಸಿದ್ಧ. ಕರೆಂಟು ಹೋಗುವ ತನಕ ಕಾವಲು ಇರುತ್ತೆ. ದಪ್ಪ ಯಾಕೆ? ತಪ್ಪಿ ಕೂಡ ಬೇರೆ ತೂತಿಗೆ ಸೇರಬಾರದು ಅಂತ.

ಹಾಗಾದರೆ ಕೆಲವಕ್ಕೆ ಎರಡೇ ಪಿನ್ನು ಯಾಕೆ?

ಚಾರ್ಜರು ಮಾಡಿದವರು ಒಂದು ಪಿನ್ನು ಉಳಿಸಿ ನಮಗೆ ಮೋಸ ಮಾಡಿದರಾ? ಇಲ್ಲ.

ಬಿಸಿ ಬಾಣಲೆಯನ್ನು ಬರಿಗೈಲಿ ಹಿಡಿದರೆ ಸುಡುತ್ತೆ. ಅದಕ್ಕೆ ಬಟ್ಟೆ ಬೇಕು. ಮರದ ಹಿಡಿ ಇರುವ ಬಾಣಲೆಗೆ ಬಟ್ಟೆ ಬೇಡ. ಹಿಡಿಯೇ ಕಾಪಾಡುತ್ತೆ. ಇದೂ ಹಾಗೆಯೇ.

ಚಾರ್ಜರಿನ ಹೊರಗೆ ಎಲ್ಲೂ ಲೋಹ ಇಲ್ಲ. ಎಲ್ಲಾ ಪ್ಲಾಸ್ಟಿಕ್. ಒಳಗಿನ ತಂತಿಗೆ ಒಂದು ಹೊದಿಕೆ. ಅದರ ಮೇಲೆ ಗಟ್ಟಿಯಾದ ಇನ್ನೊಂದು ಹೊದಿಕೆ. ಒಂದು ಹೋದರೂ ಇನ್ನೊಂದು ಇರುತ್ತೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಅರ್ಥ್ ಕೊಡಲು ಅಲ್ಲಿ ಹೊರಗೆ ಲೋಹವೇ ಇಲ್ಲ. ಟೀವಿ, ರೇಡಿಯೋ, ಸೊಳ್ಳೆ ಓಡಿಸುವ ಮಿಷನ್ನು, ಚಾರ್ಜರು, ಇವಕ್ಕೆ ಸಾಮಾನ್ಯವಾಗಿ ಎರಡು ಪಿನ್ನು. ಮಿಕ್ಸಿಯಲ್ಲಿ ಎರಡೂ ಬಗೆ ಇವೆ.

ಇಸ್ತ್ರಿ ಪೆಟ್ಟಿಗೆ, ಗ್ರೈಂಡರು, ಫ್ರಿಜ್ಜು, ಗೀಸರು, ಬಟ್ಟೆ ಒಗೆಯುವ ಮಿಷನ್ನು, ಕರೆಂಟ್ ಒಲೆ, ನೀರು ಕಾಯಿಸುವ ಕಾಯಿಲು, ನೀರೆತ್ತುವ ಮೋಟಾರು, ಇವುಗಳಲ್ಲಿ ಕೈ ಮುಟ್ಟುವ ಕಡೆ ಲೋಹ ಇದೆ. ಹತ್ತಿರದಲ್ಲಿ ನೀರು ಅಥವಾ ಬಿಸಿ ಇದೆ. ಇವಕ್ಕೆ ಮೂರು ಪಿನ್ನು ಬೇಕೇ ಬೇಕು.

ಗುರುತು ಹಿಡಿಯಲು ಒಂದು ಉಪಾಯ ಇದೆ. ಸಾಮಾನಿನ ಹಿಂದೆ ಅಥವಾ ಕೆಳಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಚೌಕದೊಳಗೆ ಇನ್ನೊಂದು ಚೌಕ ಇದೆಯಾ ನೋಡಿ. ರಂಗೋಲಿಯಲ್ಲಿ ಹಾಕುತ್ತೇವಲ್ಲ, ಹಾಗೆ. ಅದು ಎರಡು ಹೊದಿಕೆಯ ಗುರುತು. ಆ ಸಾಮಾನಿಗೆ ಅರ್ಥ್ ಬೇಡ. ಇನ್ನೊಂದು ಗುರುತು ಹೀಗಿರುತ್ತೆ. ಮೇಲಿಂದ ಒಂದು ನೆಟ್ಟಗಿನ ಗೆರೆ ಇಳಿದಿದೆ. ಅದರ ಕೆಳಗೆ ಒಂದು ಉದ್ದ ಅಡ್ಡಗೆರೆ. ಅದರ ಕೆಳಗೆ ಸ್ವಲ್ಪ ಗಿಡ್ಡ. ಅದರ ಕೆಳಗೆ ಇನ್ನೂ ಗಿಡ್ಡ. ಅದು ಭೂಮಿಯ ಗುರುತು. ಅದು ಇದ್ದರೆ ಅರ್ಥ್ ಬೇಕು. ಈ ಎರಡು ಗುರುತಿಗೆ ಭಾಷೆ ಇಲ್ಲ. ಯಾವ ದೇಶದಲ್ಲೂ ಇದೇ ಗುರುತು.

ಎರಡು ಪಿನ್ನಿನದು ಅಂತ ಮೈಮರೆಯಬಾರದು. 2023ರ ಆಗಸ್ಟ್ ತಿಂಗಳಲ್ಲಿ ಕಾರವಾರ ತಾಲ್ಲೂಕಿನಲ್ಲಿ ಎಂಟು ತಿಂಗಳ ಮಗು ಮೊಬೈಲ್ ಚಾರ್ಜರಿನ ತುದಿಯನ್ನು ಬಾಯಿಗೆ ಹಾಕಿಕೊಂಡು ತೀರಿಹೋಯಿತು. ಸ್ವಿಚ್ಚು ಆರಿಸಿರಲಿಲ್ಲ. ಫೋನು ತೆಗೆದ ಮೇಲೆ ಸ್ವಿಚ್ಚು ಆರಿಸಿ. ಚಾರ್ಜರನ್ನು ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ.

ಒಂದು ಬಲ್ಬಿನ ಮನೆ

ನಮ್ಮ ರಾಜ್ಯಕ್ಕೆ ಕರೆಂಟು ಹೊಸದಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ತೆಗೆದರು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನಮ್ಮ ಹಳ್ಳಿಗಳಿಗೆ ಬರುವಾಗ ಬಹಳ ವರ್ಷ ಕಳೆದಿತ್ತು. ಎಷ್ಟೋ ಬಡವರ ಮನೆಗೆ ಕರೆಂಟು ಬಂದದ್ದು ಭಾಗ್ಯಜ್ಯೋತಿ ಯೋಜನೆಯಿಂದ. ಮನೆಗೆ ಒಂದು ಬಲ್ಬು. ಸೂರಿನಿಂದ ಎರಡು ತಂತಿ ಇಳಿದು ಬಲ್ಬು ನೇತಾಡುತ್ತಿತ್ತು. ಮುಟ್ಟಲು ಲೋಹ ಇರಲಿಲ್ಲ. ಅರ್ಥ್ ಬಗ್ಗೆ ಯಾರೂ ಯೋಚನೆ ಮಾಡಲಿಲ್ಲ.

ಆಮೇಲೆ ಅದೇ ತಂತಿಗೆ ಒಂದು ಫ್ಯಾನು ಸೇರಿತು. ಟೀವಿ ಸೇರಿತು. ಮಿಕ್ಸಿ ಬಂತು. ಸಂಘದ ಸಾಲದಲ್ಲಿ ಗ್ರೈಂಡರು ಬಂತು. ಮಗಳ ಮದುವೆಗೆ ಫ್ರಿಜ್ಜು ಬಂತು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು ಎಷ್ಟೋ ಮನೆಗಳಲ್ಲಿ ಬಿಲ್ಲಿನ ಭಯವೂ ಕಡಿಮೆ ಆಯಿತು. ಸಾಮಾನು ಹೆಚ್ಚಿತು. ಗೋಡೆಯ ಒಳಗಿನ ತಂತಿ ಮಾತ್ರ ಅದೇ ಒಂದು ಬಲ್ಬಿನ ಕಾಲದ್ದು. ಎರಡೇ ತಂತಿ.

ಇನ್ನೊಂದು ಮಾತು. ಕೆಲವು ಮನೆಯಲ್ಲಿ ಮೂರು ತೂತಿನ ಸಾಕೆಟ್ಟು ಹಾಕಿಸಿರುತ್ತಾರೆ. ಆದರೆ ಮೇಲಿನ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲಾ ಸರಿ. ಒಳಗೆ ಖಾಲಿ. ಕೋಡಿಯ ಕಟ್ಟೆ ಇದೆ, ನೀರು ಹೋಗಲು ದಾರಿ ಇಲ್ಲ ಅನ್ನುವ ಹಾಗೆ.

ಹಿಂದೆ ಕೆಲವರು ಅರ್ಥ್ ತಂತಿಯನ್ನು ಕಬ್ಬಿಣದ ನಲ್ಲಿ ಪೈಪಿಗೆ ಸುತ್ತುತ್ತಿದ್ದರು. ಕಬ್ಬಿಣದ ಪೈಪು ಭೂಮಿಯೊಳಗೆ ಇಳಿದಿತ್ತು. ಈಗ ಪೈಪು ಪ್ಲಾಸ್ಟಿಕ್ಕಿನದು. ಅದಕ್ಕೆ ಸುತ್ತಿದರೆ ಪ್ರಯೋಜನವಿಲ್ಲ. ಕೆಲವು ಕಡೆ ಕೆಲಸಕ್ಕೆ ಬಂದವರು ಸಾಕೆಟ್ಟಿನ ಒಳಗೇ ನ್ಯೂಟ್ರಲ್ ತಂತಿಯನ್ನು ಅರ್ಥ್ ತೂತಿಗೆ ಜೋಡಿಸಿ ಹೋಗುತ್ತಾರೆ. ಇದು ದೊಡ್ಡ ತಪ್ಪು. ನ್ಯೂಟ್ರಲ್ ತಂತಿ ಎಲ್ಲಾದರೂ ತುಂಡಾದರೆ ಫ್ರಿಜ್ಜಿನ ಮೈಗೆಲ್ಲ ಕರೆಂಟು ಬರುತ್ತೆ.

ಫ್ಯೂಸು ಇದೆಯಲ್ಲ, ಸಾಲದಾ?

ಈ ಪ್ರಶ್ನೆಯನ್ನು ಚನ್ನರಾಯಪಟ್ಟಣದ ಕಡೆಯ ಒಬ್ಬ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ.

ಕರೆಂಟನ್ನು ಆಂಪಿಯರ್ ಅನ್ನುವ ಅಳತೆಯಲ್ಲಿ ಅಳೆಯುತ್ತಾರೆ. ಒಂದು ಆಂಪಿಯರನ್ನು ಸಾವಿರ ಪಾಲು ಮಾಡಿ. ಅದರಲ್ಲಿ 30 ಪಾಲು ನಮ್ಮ ಎದೆಯ ಮೂಲಕ ಹರಿದರೂ ಪ್ರಾಣಕ್ಕೆ ಅಪಾಯ. ನಮ್ಮ ಮನೆಯ ಕರೆಂಟು 230 ವೋಲ್ಟಿನದು. 9 ವ್ಯಾಟಿನ ಒಂದು ಸಣ್ಣ ಎಲ್.ಇ.ಡಿ. ಬಲ್ಬು ಸುಮಾರು 40 ಪಾಲು ಎಳೆಯುತ್ತೆ. ಅಂದರೆ ಒಂದು ಪುಟ್ಟ ಬಲ್ಬು ಉರಿಯಲು ಬೇಕಾದಷ್ಟು ಕರೆಂಟು ಒಬ್ಬ ಮನುಷ್ಯನನ್ನು ಕೊಲ್ಲಬಹುದು. 5 ಆಂಪಿಯರಿನ ಫ್ಯೂಸು ಸುಡಬೇಕಾದರೆ 5000 ಪಾಲಿಗಿಂತ ಹೆಚ್ಚು ಹರಿಯಬೇಕು. ನಮ್ಮ ಮೈಯಲ್ಲಿ ಅಷ್ಟು ಹರಿಯುವುದೇ ಇಲ್ಲ. ನಾವು ಸತ್ತರೂ ಫ್ಯೂಸಿಗೆ ಗೊತ್ತಾಗುವುದಿಲ್ಲ.

ಫ್ಯೂಸು ಇರುವುದು ತಂತಿ ಸುಡದಿರಲಿ, ಮನೆಗೆ ಬೆಂಕಿ ಬೀಳದಿರಲಿ ಅಂತ. ಅರ್ಥ್ ಇದ್ದಾಗ ಮಾತ್ರ ಅದು ನಮ್ಮನ್ನೂ ಕಾಪಾಡುತ್ತೆ.

ಅರ್ಥ್ ಇದ್ದರೂ ಅದು ಚೆನ್ನಾಗಿರಬೇಕು. ಭೂಮಿಯಲ್ಲಿ ಸುಮಾರು ಎಂಟು ಅಡಿ ಉದ್ದದ ಕಬ್ಬಿಣದ ಪೈಪು ಹೂಳುತ್ತಾರೆ. ಸುತ್ತ ಇದ್ದಿಲು, ಉಪ್ಪು ತುಂಬುತ್ತಾರೆ. ಅವು ತೇವ ಹಿಡಿದುಕೊಳ್ಳುತ್ತವೆ. ತೇವ ಇದ್ದರೆ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಇಳಿಯುತ್ತೆ. ನಮ್ಮ ಕಡೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತೆ. ಆಗ ಅರ್ಥ್ ದುರ್ಬಲ ಆಗುತ್ತೆ. ಕರೆಂಟು ನಿಧಾನ ಇಳಿಯುತ್ತೆ, ಫ್ಯೂಸು ಸುಡುವುದಿಲ್ಲ, ಗ್ರೈಂಡರಿನ ಮೈಯಲ್ಲಿ ಕರೆಂಟು ಉಳಿದೇ ಇರುತ್ತೆ. ಅದಕ್ಕೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅರ್ಥ್ ಗುಂಡಿಗೆ ಒಂದು ಬಿಂದಿಗೆ ನೀರು ಹಾಕಿ. ತುಳಸಿಗೆ ನೀರು ಹಾಕುವ ಹಾಗೆ ನೆನಪಿಟ್ಟುಕೊಳ್ಳಿ. ಆ ಗುಂಡಿಗೆ ಹೋಗುವ ಕಂಬಿಗೆ ಮೇಕೆ ಕಟ್ಟಬೇಡಿ. ಕಂಬಿ ತುಂಡಾಗಿದೆಯಾ, ತುಕ್ಕು ಹಿಡಿದಿದೆಯಾ ಅಂತ ಆಗಾಗ ನೋಡಿ.

ಇನ್ನೊಂದು ಕಾವಲುಗಾರ ಇದೆ. ಅದರ ಹೆಸರು ಆರ್.ಸಿ.ಸಿ.ಬಿ. ಮೀಟರಿನ ಹತ್ತಿರ ಹಾಕಿಸುವ ಒಂದು ಸಣ್ಣ ಪೆಟ್ಟಿಗೆ. ಹೋದ ಕರೆಂಟು ಎಷ್ಟು, ವಾಪಸ್ ಬಂದದ್ದು ಎಷ್ಟು ಅಂತ ಅದು ಲೆಕ್ಕ ನೋಡುತ್ತಲೇ ಇರುತ್ತೆ. ಮನೆಗೆ ಹಾಕಿಸುವುದು ಸಾಮಾನ್ಯವಾಗಿ 30 ಪಾಲಿನದು. ಅಷ್ಟು ಕರೆಂಟು ಬೇರೆ ದಾರಿ ಹಿಡಿಯಿತು ಅಂದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕರೆಂಟು ನಿಲ್ಲಿಸುತ್ತೆ. ಅದರ ಮೇಲೆ ಪರೀಕ್ಷೆ ಮಾಡುವ ಒಂದು ಗುಂಡಿ ಇರುತ್ತೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಕರೆಂಟು ಹೋದರೆ ಅದು ಸರಿಯಾಗಿದೆ. ಅರ್ಥ್ ಮತ್ತು ಇದು ಎರಡೂ ಇದ್ದರೆ ಮನೆ ಭದ್ರ.

ಮನೆಯಲ್ಲಿ ಮಾತ್ರ ಅಲ್ಲ

ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟ ಹೆಚ್ಚು. ತೋಟಕ್ಕೆ ಕೊಳವೆ ಬಾವಿಯ ಮೋಟಾರು. ಮೋಟಾರು ಶುರು ಮಾಡುವ ಪೆಟ್ಟಿಗೆ ಕಬ್ಬಿಣದ್ದು. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತು ಅದರ ಗುಂಡಿ ಒತ್ತುವವರು ಎಷ್ಟೋ ಸಲ ನಾವೇ, ಹೆಂಗಸರೇ. ಹೊಳೆನರಸೀಪುರದ ಕಡೆ ಹೇಮಾವತಿಯ ಬಯಲಿನಲ್ಲಿ, ಭತ್ತದ ಗದ್ದೆಯ ಬದುವಿನಲ್ಲೂ ಇದೇ ಕಥೆ. ಆ ಪೆಟ್ಟಿಗೆಗೂ, ಮೋಟಾರಿಗೂ ಅರ್ಥ್ ಕೊಟ್ಟಿರಬೇಕು. ಕೊಟ್ಟಿದೆಯಾ ಅಂತ ಯಜಮಾನರನ್ನು ಕೇಳಿ. ಬಟ್ಟೆ ಒಣಗಿಸಲು ಕರೆಂಟ್ ಕಂಬಕ್ಕೆ ತಂತಿ ಕಟ್ಟಬೇಡಿ. ಹಗ್ಗ ಕಟ್ಟಿ.

ಶಾಕ್ ಹೊಡೆದರೆ

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಓಡಿ ಹೋಗಿ ಹಿಡಿಯಬೇಡಿ. ಹಿಡಿದರೆ ನೀವೂ ಅಂಟಿಕೊಳ್ಳುತ್ತೀರಿ. ಮೊದಲು ಮೈನ್ ಸ್ವಿಚ್ಚು ಇಳಿಸಿ. ಆ ಹುಡುಗಿ ಮಾಡಿದ್ದು ಅದನ್ನೇ. ಮೈನ್ ಸ್ವಿಚ್ಚು ಎಲ್ಲಿದೆ ಅಂತ ಮನೆಯ ಮಕ್ಕಳಿಗೂ ತೋರಿಸಿಡಿ. ಸ್ವಿಚ್ಚು ಸಿಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ತಂತಿ ದೂಡಿ. 108ಕ್ಕೆ ಫೋನು ಮಾಡಿ. ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ. ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತಿ. ಆಂಬುಲೆನ್ಸು ಬರುವ ತನಕ ಬಿಡಬೇಡಿ. ಬೀದಿಯಲ್ಲಿ ಕರೆಂಟ್ ತಂತಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ. 1912ಕ್ಕೆ ಫೋನು ಮಾಡಿ ತಿಳಿಸಿ.

ಕೊನೆಯ ಮಾತು

ಆ ತಾಯಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ಆಗಷ್ಟೇ ಒತ್ತಕ್ಷರ ಬರೆಯಲು ಕಲಿತಿದ್ದರು. ತಮ್ಮ ಪುಸ್ತಕದಲ್ಲಿ ಒಂದು ಸಾಲು ಬರೆದರು. "ಮೂರನೇ ತೂತಿಗೆ ತಂತಿ ಇದೆಯಾ?" ವೈರಿಂಗ್ ಮಾಡುವವರು ಬಂದಾಗ ಆ ಸಾಲು ತೋರಿಸಿ ಓದಿ ಹೇಳಿದರು. ಬಂದವರು ಮೊದಲು ನಕ್ಕರಂತೆ. "ಇದೆಲ್ಲಾ ನಿಮಗೆ ಯಾಕಮ್ಮಾ?" ಅಂದರಂತೆ. ತಾಯಿ ಸುಟ್ಟ ಅಂಗೈ ತೋರಿಸಿದರು. ಅವರು ಮತ್ತೆ ನಗಲಿಲ್ಲ. ಗುಂಡಿ ತೋಡಿದರು. ಪೈಪು ಹೂಳಿದರು. ಹಸಿರು ತಂತಿ ಎಳೆದರು. ಗ್ರೈಂಡರಿಗೆ ಹೊಸ ಪ್ಲಗ್ಗು ಹಾಕಿದರು. ಒಳಗೆ ಸವೆದಿದ್ದ ತಂತಿಯನ್ನೂ ಬದಲಾಯಿಸಿದರು. ಖರ್ಚಿಗೆ ಸಂಘದಲ್ಲಿ ಸ್ವಲ್ಪ ಸಾಲ ಸಿಕ್ಕಿತು. ಈಗಲೂ ಅದೇ ಗ್ರೈಂಡರಿನಲ್ಲಿ ಹಿಟ್ಟು ರುಬ್ಬುತ್ತಿದ್ದಾರೆ. ಮಣೆಯ ಮೇಲೆ ಕೂತು ಊಟ ಮಾಡುತ್ತಾರೆ, ಅದರ ಮೇಲೆ ನಿಂತು ರುಬ್ಬುವುದಿಲ್ಲ.

ತಾಯಂದಿರೇ, ಎರಡು ಪಿನ್ನಿನದು ಕೆಟ್ಟಿದೆ ಅಂದರೆ ಸಾಮಾನು ನಿಲ್ಲುತ್ತೆ. ನಮಗೆ ಗೊತ್ತಾಗುತ್ತೆ. ಮೂರನೆಯದು ಕೆಟ್ಟರೆ ಸಾಮಾನು ಓಡುತ್ತಲೇ ಇರುತ್ತೆ. ನಮಗೆ ಗೊತ್ತಾಗುವುದಿಲ್ಲ. ಅದಕ್ಕೇ ನಾವು ಕೇಳಿ ತಿಳಿಯಬೇಕು. ಮುಟ್ಟಿದಾಗ ಕೈ ಜುಮ್ ಅಂದರೆ "ಪರವಾಗಿಲ್ಲ" ಅನ್ನಬೇಡಿ. ಅದು ಮೊದಲನೆಯ ಎಚ್ಚರಿಕೆ. ಸ್ವಿಚ್ಚು ಆರಿಸಿ, ಪ್ಲಗ್ಗು ತೆಗೆದು, ತಿಳಿದವರಿಂದ ರಿಪೇರಿ ಮಾಡಿಸಿ. ಆಮೇಲೆ ಬಳಸಿ.

ಇವತ್ತು ಮನೆಗೆ ಹೋಗಿ ನಿಮ್ಮ ಮನೆಯ ಪ್ಲಗ್ಗುಗಳನ್ನು ಒಮ್ಮೆ ನೋಡಿ. ಸ್ವಿಚ್ಚು ಆರಿಸಿ ನೋಡಿ. ನಾಳೆ ಬಂದು ನಮಗೆ ಹೇಳಿ.

ನೆನಪಿಡಿ

ಮೂರನೆಯ ಪಿನ್ನನ್ನು ಕೀಳಬೇಡಿ, ಕತ್ತರಿಸಬೇಡಿ.

ಪ್ಲಗ್ಗು ಇಲ್ಲದೆ ಬರಿ ತಂತಿಯನ್ನು ಸಾಕೆಟ್ಟಿಗೆ ಸಿಕ್ಕಿಸಿ ಬೆಂಕಿಕಡ್ಡಿ ಚುಚ್ಚಬೇಡಿ.

ನೀರು ಕಾಯಿಸುವ ಕಾಯಿಲನ್ನು ಮೊದಲು ನೀರಿಗೆ ಇಳಿಸಿ, ಆಮೇಲೆ ಸ್ವಿಚ್ಚು ಹಾಕಿ. ಸ್ವಿಚ್ಚು ಆರಿಸಿ ಪ್ಲಗ್ಗು ತೆಗೆಯದೆ ನೀರಿಗೆ ಕೈ ಹಾಕಬೇಡಿ.

ಒದ್ದೆ ಕೈಯಲ್ಲಿ ಸ್ವಿಚ್ಚು, ಪ್ಲಗ್ಗು ಮುಟ್ಟಬೇಡಿ.

ಓದಿ, ಯೋಚಿಸಿ, ಬರೆಯಿರಿ

1. ನಿಮ್ಮ ಮನೆಯಲ್ಲಿ ಮೂರು ಪಿನ್ನಿನ ಸಾಮಾನು ಯಾವುವು? ಎರಡು ಪಿನ್ನಿನವು ಯಾವುವು? ಹೆಸರು ಬರೆಯಿರಿ.

2. ಮೂರನೆಯ ಪಿನ್ನು ಉದ್ದವಾಗಿರುವುದು ಯಾಕೆ?

3. ನಿಮ್ಮ ಮನೆಯ ಅರ್ಥ್ ಗುಂಡಿ ಎಲ್ಲಿದೆ? ಗೊತ್ತಿಲ್ಲದಿದ್ದರೆ ಯಾರನ್ನು ಕೇಳುತ್ತೀರಿ?

4. ಈ ಸಾಲನ್ನು ನಿಮ್ಮ ಪುಸ್ತಕದಲ್ಲಿ ದುಂಡಗೆ ಬರೆಯಿರಿ: ಮೂರನೇ ತೂತಿಗೆ ತಂತಿ ಇದೆಯಾ?